ಅಳತೆಯ ಸೊಪ್ಪು

ಯಂತ್ರದ ಪರದೆಯ ಮೇಲೆ ಗೆರೆ ಎದ್ದು ನಿಂತದ್ದು ತಪ್ಪು ಜಾಗದಲ್ಲಿ. ಮಾರುಕಟ್ಟೆಯ ಸೊಪ್ಪಿನಲ್ಲಿ ಎದ್ದಿದ್ದರೆ ಅವಳು ಸಂಖ್ಯೆ ಬರೆದುಕೊಂಡು ಮುಂದಿನ ಕೆಲಸ ನೋಡುತ್ತಿದ್ದಳು. ಎದ್ದದ್ದು ಅಪ್ಪನ ಹಿತ್ತಿಲ ಸೊಪ್ಪಿನಲ್ಲಿ.

ಆಸ್ಪತ್ರೆಯ ಅಡುಗೆಮನೆಗೆ ಹೋಗುವ ಸೊಪ್ಪಿನಲ್ಲಿ ಕೀಟನಾಶಕ ಇದೆಯೋ ಇಲ್ಲವೋ ಎಂದು ಬರೆದು ಸಹಿ ಹಾಕುವುದು ಅವಳ ಕೆಲಸ. ಅದಕ್ಕೆ ವಿಷ ಸೋಕದ ಒಂದು ಸೊಪ್ಪು ಅಳತೆಗೆ ಬೇಕು. ನಾಲ್ಕು ವರ್ಷದಿಂದ ಆ ಸೊಪ್ಪು ಅಪ್ಪನದು. ಅದರಲ್ಲಿ ಏನು ಕಂಡರೂ ಎಲೆಯ ಸಹಜ ಗುಣವೆಂದು ತಿಳಿದು, ಉಳಿದೆಲ್ಲ ಮಾದರಿಗಳಿಂದ ಅಷ್ಟನ್ನು ಕಳೆದುಬಿಡುತ್ತಿದ್ದರು. ಬೆಳಿಗ್ಗೆ ಅವಳು ಚೀಲ ಹಿಡಿದು ಪ್ರಯೋಗಾಲಯಕ್ಕೆ ಬಂದರೆ ಹಿರಿಯ ತಂತ್ರಜ್ಞರು ಎದ್ದು ನಿಂತು, "ಜಡ್ಜ್ ಸಾಹೇಬ್ರು ಬಂದ್ರು" ಎಂದು ಚೀಲಕ್ಕೆ ಕೈಮುಗಿಯುತ್ತಿದ್ದರು.

ಈಗ ಬಂದ ಹೊಸ ಯಂತ್ರಕ್ಕೆ ಆ ದಾಕ್ಷಿಣ್ಯವಿರಲಿಲ್ಲ. ಕೂದಲೆಳೆಯಂಥ ಕೊಳವೆಯೊಳಗೆ ವಿದ್ಯುತ್ತಿನ ಸೆಳೆತಕ್ಕೆ ಒಂದೊಂದು ವಸ್ತುವೂ ತನ್ನದೇ ವೇಗದಲ್ಲಿ ಓಡಿ ಬೇರೆಯಾಗುತ್ತದೆ. ತುದಿಯಲ್ಲಿ ಅದರ ಕಣದ ತೂಕ ಗೊತ್ತಾಗುತ್ತದೆ. ಇಷ್ಟು ದಿನ ಎಲೆಯ ಗುಣವೆಂದು ಕಳೆಯುತ್ತಿದ್ದ ಸಣ್ಣ ಉಬ್ಬು ಈಗ ಬೇರೆಯಾಗಿ ನಿಂತು ತನ್ನ ತೂಕ ಹೇಳಿತು. ಊರಿನ ತೋಟಗಳಲ್ಲೆಲ್ಲ ಹೊಡೆಯುವ ಹುಳದ ಔಷಧಿ ಅದು. ತಂತ್ರಜ್ಞರು ಎರಡು ಸಲ ಕೊಳವೆ ತೊಳೆದು ಮತ್ತೆ ಓಡಿಸಿದರು. ಮೂರನೆಯ ಸಲ ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

"ಮೇಡಂ, ಎಲ್ಲದರಿಂದ ನಾವು ಕಳೀತಾ ಇದ್ದದ್ದು ಇದನ್ನೇ."

ಅವಳು ಬ್ಯಾಗು ಅಲ್ಲೇ ಬಿಟ್ಟು ಮನೆಗೆ ಓಡಿದಳು.

ಅಪ್ಪ ಹಿತ್ತಿಲ ಬಾಗಿಲಲ್ಲಿ ಮಣೆ ಹಾಕಿ ಕೂತು, ದೇವರಿಗೆ ಹೂವು ಜೋಡಿಸುವಷ್ಟು ಜತನದಿಂದ ನಾಳೆಯ ಚೀಲಕ್ಕೆ ಸೊಪ್ಪು ಜೋಡಿಸುತ್ತಿದ್ದ.

"ಅಪ್ಪಾ, ಸೊಪ್ಪಿಗೆ ಏನಾದ್ರೂ ಹೊಡೀತೀಯಾ?"

ಅವನು ಮುಚ್ಚಿಡಲಿಲ್ಲ. ಅಮ್ಮ ಇದ್ದಾಗ ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಒಂದೊಂದೇ ಹುಳ ಹೆಕ್ಕುತ್ತಿದ್ದಳು. ಅವಕ್ಕೂ ದೇವರು ಹೊಟ್ಟೆ ಕೊಟ್ಟಿದ್ದಾನೆ ಎಂದು ಬೇಲಿಯಾಚೆ ಬಿಟ್ಟು ಬರುತ್ತಿದ್ದಳು. ಅವಳು ಹೋದ ಮೇಲೆ ಅವನ ಮಂಜುಗಣ್ಣಿಗೆ ಹುಳ ಯಾವುದು, ಎಲೆಯ ನರ ಯಾವುದು ತಿಳಿಯಲಿಲ್ಲ. ಅವಳು ತನ್ನ ಕೈಯಾರೆ ಬಿತ್ತಿದ ಮಡಿ ಜರಡಿಯಂತಾಯಿತು. ಅದೂ ಕಣ್ಣೆದುರಿಗೇ ಹೋಗುವುದನ್ನು ಅವನಿಂದ ನೋಡಲಾಗಲಿಲ್ಲ. ಅಂಗಡಿಯವನು ಬಕೆಟ್ಟಿಗೆ ಒಂದು ಮುಚ್ಚಳ ಸಾಕು ಎಂದು ಬಾಟಲಿ ಕೊಟ್ಟ.

"ಅಮ್ಮ ಹೋಗಿ ಮೂರು ವರ್ಷ ಆಯ್ತಲ್ಲಪ್ಪಾ. ನನಗೊಂದು ಮಾತು ಹೇಳಬಾರದಿತ್ತಾ?"

ಅಪ್ಪ ಏನೂ ಅರ್ಥವಾಗದವನಂತೆ ಅವಳ ಮುಖವನ್ನೇ ನೋಡಿದ.

"ಹೇಳೋದೇನು ಪುಟ್ಟಿ? ಮೊದಲನೇ ಸಲ ನನಗೂ ಭಯ ಇತ್ತು. ನೋಡೋಣ ಅಂತಲೇ ಸುಮ್ಮನೆ ಚೀಲ ಕೊಟ್ಟು ಕಳಿಸಿದೆ. ಸಂಜೆ ಬಂದು ನೀನೇ ಹೇಳಿದೆ, ನಿನ್ನ ಸೊಪ್ಪಲ್ಲಿ ಏನೂ ಇಲ್ಲಪ್ಪಾ ಅಂತ. ಆಮೇಲೇ ನಾನು ಧೈರ್ಯವಾಗಿ ಹೊಡೆದದ್ದು."