ಗುಬ್ಬಿ ಕಟ್ಟಿದ ಮಹಡಿ

ಎರಡೂ ಕೈಯಲ್ಲಿ ಹೂವಿನಂತೆ ಎತ್ತಿ ತಂದ ರಟ್ಟಿನ ಮಹಡಿಯನ್ನು ಗುಬ್ಬಿ ಕೆಳಗಿನ ಮಹಡಿಯ ಮೇಲೆ ಇಟ್ಟಳು. ಅದು ಕೂತಿತು, ಆದರೆ ದೊಡ್ಡ ತಟ್ಟೆಯ ನಡುವೆ ಪುಟ್ಟ ಬಟ್ಟಲು ಕೂತ ಹಾಗೆ. ಸುತ್ತಲೂ ಅಂಗೈಯಗಲ ಜಾಗ ಬಿಕೋ ಎನ್ನುತ್ತಿತ್ತು. ಕೆಳಗಿನಿಂದ ಹತ್ತಿಬಂದ ಮೆಟ್ಟಿಲು ನೇರ ಕೋಣೆಯೊಳಗೆ ಹೋಗಬೇಕಾದದ್ದು, ವಿಳಾಸ ತಪ್ಪಿದ ನೆಂಟನಂತೆ ಗೋಡೆಯ ಹೊರಗೆ ಬಯಲಲ್ಲಿ ನಿಂತುಬಿಟ್ಟಿತ್ತು. ಅಂತಿಮ ಪರೀಕ್ಷೆಗೆ ಬಂದ ಮೇಷ್ಟ್ರು ಆಗಲೇ ಪಕ್ಕದ ಮೇಜಿನಲ್ಲಿದ್ದರು.

"ಅಕ್ಕ," ಅಂದಳು ಗುಬ್ಬಿ. ವಾರದ ಮೇಲೆ ಅವರಿಬ್ಬರ ನಡುವೆ ಆಡಿದ ಮೊದಲ ಮಾತು ಅದು.

ಅಕ್ಕ ಅವಳ ಒಡಹುಟ್ಟಿದವಳೇನಲ್ಲ. ವರ್ಷಗಟ್ಟಲೆ ಒಂದು ಕಚೇರಿಯಲ್ಲಿ ಕೂತು ಕಂಡವರ ಮನೆಗಳ ನಕ್ಷೆ ಬರೆದು, ಮಗಳು ಶಾಲೆಗೆ ಸೇರಿದ ಮೇಲೆ ರಜೆ ಹಾಕಿ ವಾಸ್ತುಶಿಲ್ಪದ ಸ್ನಾತಕೋತ್ತರ ತರಗತಿಗೆ ಬಂದವಳು. ಹಾಗಾಗಿ ನಕ್ಷೆ ಬರೆದು ಮಾದರಿ ಕಟ್ಟುವ ಆ ಸ್ಟುಡಿಯೋಗೆಲ್ಲ ಅಕ್ಕ. ಗುಬ್ಬಿ ತರಗತಿಗೇ ಕುಳ್ಳಿ. ಇಬ್ಬರಿಗೂ ಸೇರಿ ಒಂದು ಗ್ರಂಥಾಲಯದ ವಿನ್ಯಾಸ, ಅದರ ರಟ್ಟಿನ ಮಾದರಿ; ಇಬ್ಬರಿಗೂ ಒಂದೇ ಅಂಕ. ಬೆಳಕು ಬೀಳುವ ಮೇಲಿನ ಮಹಡಿ ಮಕ್ಕಳಿಗಿರಲಿ ಎಂದಿದ್ದಳು ಅಕ್ಕ. ಮೇಲೆ ದೊಡ್ಡವರು ಸದ್ದಿಲ್ಲದೆ ಓದಲಿ, ಮಕ್ಕಳು ಕೆಳಗೆ ಶೌಚಾಲಯದ ಪಕ್ಕ ಎಷ್ಟು ಬೇಕಾದರೂ ಗಲಾಟೆ ಮಾಡಿಕೊಳ್ಳಲಿ ಎಂದಿದ್ದಳು ಗುಬ್ಬಿ. ಗುಬ್ಬಿಯ ಹಟ ಗೆದ್ದಿತು, ಅಕ್ಕ ಮಾತು ಬಿಟ್ಟಳು. ಆಮೇಲೆ ಒಬ್ಬಳು ಕಿಟಕಿಯ ಕಡೆ, ಒಬ್ಬಳು ಬಾಗಿಲ ಕಡೆ ಕೂತು ತಂತಮ್ಮ ಮಹಡಿ ಕಟ್ಟಿದ್ದರು. ಅಂಟಿನ ಡಬ್ಬಿ ಬೇಕಾದರೂ ನಡುವೆ ಕೂತ ಸಹಪಾಠಿಯ ಬಾಯಲ್ಲಿ ಹೇಳಿಸುತ್ತಿದ್ದರು. ಒಂದೇ ಪದ್ಯವನ್ನು ಇಬ್ಬರು ಬೇರೆ ಬೇರೆ ಕೋಣೆಯಲ್ಲಿ ಕೂತು ಹಾಡಿದರೆ ಎಷ್ಟು ಹೊಂದುತ್ತದೋ, ಮಹಡಿಗಳೂ ಅಷ್ಟೇ ಹೊಂದಿದ್ದವು.

ಅಕ್ಕ ಗುಬ್ಬಿಯ ಮೂರು ಮುಖದ ಅಳತೆಪಟ್ಟಿಯನ್ನು ತೆಗೆದುಕೊಂಡು ಬಾಗಿಲಿಗೆ ಹಿಡಿದಳು. ಹೊರಳಿಸಿ ಮತ್ತೆ ಹಿಡಿದಳು. ಆ ಪಟ್ಟಿಯ ಒಂದೊಂದು ಅಂಚಿಗೂ ಒಂದೊಂದು ಅಳತೆ: ಒಂದು ಅಂಚು ಕಟ್ಟಡವನ್ನು ಐವತ್ತು ಪಾಲು ಚಿಕ್ಕದು ಮಾಡಿದರೆ, ಇನ್ನೊಂದು ಎಪ್ಪತ್ತೈದು ಪಾಲು. ಕೈಯಲ್ಲಿ ಸುಮ್ಮನೆ ಹೊರಳಿಕೊಂಡರೆ ಸಾಕು, ಕಟ್ಟಡವೇ ಕುಗ್ಗಿಹೋಗುತ್ತದೆ.

"ಐವತ್ತರ ಅಂಚಲ್ಲಿ ಅಳೀಬೇಕಿತ್ತು. ನೀನು ಎಪ್ಪತ್ತೈದರಲ್ಲಿ ಅಳೆದಿದೀಯ."

"ಎಲ್ಲಾನೂ?"

"ಬಾಗಿಲು, ಕಿಟಕಿ, ಕಪಾಟು. ಮೆಚ್ಚಬೇಕು ನಿನ್ನನ್ನ, ಒಂದನ್ನೂ ಬಿಟ್ಟಿಲ್ಲ."

ಗುಬ್ಬಿಯ ಕಣ್ಣು ತುಂಬಿತು. ನಪಾಸಾದರೆ ಇನ್ನೂ ಅರ್ಧ ವರ್ಷ ಇಲ್ಲೇ. ತನಗೇನೋ ಆದೀತು. ಅಕ್ಕನಿಗೆ ಹಾಗಲ್ಲ; ಕಚೇರಿಯವರು ಅವಳ ಕುರ್ಚಿಯನ್ನು ಮುಂದಿನ ತಿಂಗಳವರೆಗೆ ಮಾತ್ರ ಉಳಿಸಿಟ್ಟಿದ್ದರು. "ಬೈದುಬಿಡಿ ಅಕ್ಕ, ಮನಸ್ಸು ಹಗುರ ಆಗುತ್ತೆ."

ಅಕ್ಕ ಬೈಯಲಿಲ್ಲ. ತನ್ನ ಮಹಡಿಯಿಂದ ರಟ್ಟಿನ ಮನುಷ್ಯನೊಬ್ಬನನ್ನು ಎತ್ತಿ ಗುಬ್ಬಿಯ ಬಾಗಿಲ ಮುಂದೆ ನಿಲ್ಲಿಸಿದಳು. ಬಾಗಿಲು ಅವನ ಎದೆಮಟ್ಟಕ್ಕೆ ಬಂತು. ಅಕ್ಕನ ತುಟಿಯ ಕೊನೆ ಸ್ವಲ್ಪ ಸಡಿಲವಾಯಿತು.

"ನನ್ನ ಮಗಳು ಇದರಲ್ಲಿ ತಲೆ ಎತ್ಕೊಂಡು ಓಡಿ ಹೋಗ್ತಾಳೆ ಕಣೆ."

"ಬೇರೆ ಯಾರೂ ಹೋಗಲ್ಲ."

"ಯಾಕೆ, ನೀನು ಹೋಗ್ತೀಯಲ್ಲ."

ಅಳುವ ಹೊತ್ತಿನಲ್ಲಿ ನಗು ಬಂದರೆ ಮೂಗೂ ಜೊತೆಗೂಡುತ್ತದೆ. ಗುಬ್ಬಿ ತೋಳಿಗೆ ಮುಖ ಒರೆಸಿಕೊಂಡು ಮಾದರಿಯನ್ನು ಹೊಸದಾಗಿ ನೋಡಿದಳು. ಕೋಣೆ ಮಕ್ಕಳ ಅಳತೆಗೆ ಸರಿಯಾಗಿತ್ತು, ಸುತ್ತ ಉಳಿದದ್ದು ಅವರಿಗೆ ಬಿಸಿಲು ಬೀಳುವ ಅಂಗಳ. ಮೆಟ್ಟಿಲು ಬಂದು ಮುಟ್ಟಿದ್ದು ಅಲ್ಲಿಗೇ. "ಓಡಿದ ಮಕ್ಕಳು ಕೆಳಗೆ ಬೀಳ್ತಾರಲ್ಲ ಅಕ್ಕ," ಅಂದಳು. ಅಕ್ಕ ಆಗಲೇ ರಟ್ಟು ಸೀಳುತ್ತಿದ್ದಳು. ಒಬ್ಬಳು ಕತ್ತರಿಸಿ, ಒಬ್ಬಳು ಅಂಟಿಸಿ, ಅಂಗಳದ ಸುತ್ತ ಕಂಬಿಯ ಕೊನೆಯ ತುಂಡು ನಿಲ್ಲಿಸುವಾಗ ಮೇಜಿನ ಮೇಲೆ ಉದ್ದನೆಯ ನೆರಳು ಬಿತ್ತು.

ಆ ಮೇಷ್ಟ್ರನ್ನು ಎಲ್ಲರೂ ಕರೆಯುತ್ತಿದ್ದದ್ದು ಏಣಿ ಮೇಷ್ಟ್ರು ಎಂದು. ಅಷ್ಟು ಎತ್ತರ. ಯಾವ ಮಾದರಿಯನ್ನೂ ಅವರು ಬಗ್ಗಿ ನೋಡಿದವರಲ್ಲ. ಮೇಲಿನಿಂದ ಹದ್ದಿನಂತೆ ನೋಡಿ, ಎರಡು ಮಾತು ಕುಕ್ಕಿ, ಮುಂದೆ ಹೋಗುವವರು.

"ಗೋಡೆ ಮೇಲಿನ ನಕ್ಷೆ ಹಾಳೇಲಿ ದೊಡ್ಡೋರ ಓದುಕೋಣೆ ಇದೆ. ಮೇಜಿನ ಮೇಲೆ ಗೊಂಬೆ ಮನೆ ಇದೆ. ನಾನು ಯಾವುದನ್ನ ನಂಬಲಿ?"

"ಸರ್, ಅದು ನಾವಿಬ್ಬರೂ ಯೋಚನೆ ಮಾಡಿ..." ಎಂದು ಅಕ್ಕ ಶುರುಮಾಡಿದಳು.

"ಇಲ್ಲ ಸರ್," ಅಂದಳು ಗುಬ್ಬಿ. "ಪಟ್ಟಿಯ ಅಂಚು ತಪ್ಪಾಗಿ ಹಿಡಿದದ್ದು ನಾನು. ಅದು ತಪ್ಪೇ. ಆದ್ರೆ ಮೇಲಿನ ಮಹಡಿ ಮಕ್ಕಳಿಗೆ ಕೊಡೋಣ ಅಂತ ಇವರು ಮೊದಲಿಂದ ಹೇಳ್ತಾನೇ ಇದ್ದರು. ಕಿವಿ ಇಟ್ಕೊಂಡೂ ನಾನು ಕೇಳಲಿಲ್ಲ. ನನ್ನ ಕೈಯೇ ಕೇಳಿಸಿಕೊಂಡಿದೆ. ಹಾಳೆ ಬಿಡಿ ಸರ್, ಇದನ್ನ ನಂಬಿ."

ಮೇಷ್ಟ್ರು ಹಾಳೆ ನೋಡಿದರು, ಮಾದರಿ ನೋಡಿದರು.

"ಇದರೊಳಗೆ ಬರಬೇಕಾದ್ರೆ ನಾನು ತಲೆ ತಗ್ಗಿಸಬೇಕಲ್ಲ," ಅಂದರು.

"ತಗ್ಗಿಸಿದರೆ ಸಾಲದು ಸರ್," ಅಂದಳು ಅಕ್ಕ ಮೆಲ್ಲಗೆ. "ತಾವು ಮಂಡಿ ಊರಬೇಕಾಗುತ್ತೆ."

ಏಣಿ ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟರು. ಮೇಜಿನ ಅಂಚು ಹಿಡಿದು, ಒಂದೊಂದೇ ಮಂಡಿ ಮಡಿಸಿ, ನೆಲಕ್ಕೆ ಕೂತರು. ಅವರ ಕಾಲು ಹಿಂದಿನ ಮೇಜಿನ ಕೆಳಗೆ ಹೋಗಿ ತಲುಪಿತು. ಕೆನ್ನೆಯನ್ನು ಮೇಜಿಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗುಬ್ಬಿಯ ಬಾಗಿಲಿಗೆ ತಂದಿಟ್ಟರು.

ಆಮೇಲೆ ಕೆಳಗಿನಿಂದ ಅವರ ದನಿ ಬಂತು.

"ಒಳಗೆ ಯಾರೂ ಇಲ್ಲವಲ್ಲ. ಎಷ್ಟು ಗಂಟೆಗೆ ತೆರೀತೀರಿ?"