ಪಂಚಮಿಗೆ ಹಾಕಿದ ಕೀಲಿ

"ಅತ್ತೀ, ಬಾಗಲಾ ತಗೀರಿ. ನಮ್ಮಣ್ಣ ಬರೂ ಹೊತ್ತಾತು."

ಒಳಕೋಣೆಯಿಂದ ಬೆಳಗಿನಿಂದ ಇದೇ ಮಾತು. ಬನಶಂಕರೆವ್ವ ಕೇಳಿಸದವಳ ಹಾಗೆ ಶೇಂಗಾ ಉಂಡಿ ಕಟ್ಟುತ್ತಿದ್ದಳು. ಕೋಣೆಗೆ ಹೊರಗಿನಿಂದ ಕೀಲಿ. ಕೀಲಿಕೈ ಅವಳ ಸೊಂಟದಲ್ಲಿ.

"ಅತ್ತೀ, ಕೇಳಸ್ತೇನ್ರಿ?"

"ಕೇಳಸ್ತು. ಮದಲ ನಾಗಪ್ಪಗ ಹಾಲ ಎರಿ. ಆಮ್ಯಾಲ ನೋಡೂಣು."

ದನಿಯಲ್ಲಿ ಅತ್ತೆಯ ಗತ್ತು ಚೆನ್ನಾಗಿ ಕೂತಿತ್ತು. ಒಳಗಿನ ಗದ್ದಲ ಅಷ್ಟಕ್ಕೇ ನಿಂತಿತು.

ಬೆಟಗೇರಿಯ ಆ ಓಣಿಯಲ್ಲಿ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಶ್ರಾವಣದ ಜಿಟಿಜಿಟಿ ಮಳೆಯಲ್ಲೇ ತವರಿನಿಂದ ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆ, ಲಗ್ನವಾದವರು ಜೋಕಾಲಿ ಆಡಲು ಹೊರಟೇಬಿಡುತ್ತಾರೆ. ಈ ಒಂದು ಮನೆಯಿಂದ ಮಾತ್ರ ಮೂರು ವರ್ಷಗಳಿಂದ ಯಾರೂ ತವರಿಗೆ ಹೋಗಿರಲಿಲ್ಲ.

ಹೋಗಲು ನೋಡಿದ್ದುಂಟು. ಹೋದ ವರ್ಷ ಇದೇ ಹಬ್ಬಕ್ಕೆ ಈಗ ಒಳಕೋಣೆಯಲ್ಲಿರುವ ಲಕ್ಷ್ಮೀದೇವಿ ತಪ್ಪಿಸಿಕೊಂಡು, ಮಳೆಯಲ್ಲಿ ತೊಯ್ದು, ಮುಂಡರಗಿ ಬಸ್ಸು ಹತ್ತಿ ಕೂತಿದ್ದಳು. ತವರೂರು ಡೋಣಿಗೆ ಟಿಕೀಟು ಕೇಳಿದ್ದಳು. ಕೈಯಲ್ಲಿ ದುಡ್ಡಿರಲಿಲ್ಲ, ಸೆರಗಿನಲ್ಲಿ ಉಂಡಿಗಳಿದ್ದವು. ಬನಶಂಕರೆವ್ವ ಬಸ್ಸಿನೊಳಗೇ ನುಗ್ಗಿ ರಟ್ಟೆ ಹಿಡಿದು ಇಳಿಸಿಕೊಂಡು ಬಂದಳು. ಇಡೀ ಓಣಿ ಬಾಗಿಲಿಗೆ ಬಂದು ನೋಡಿತ್ತು. ಅಂದಿನಿಂದ ಕೋಣೆಗೆ ಕೀಲಿ, ಚಪ್ಪಲಿ ಅಟ್ಟದ ಮೇಲೆ.

ಹಬ್ಬವೆಂದು ಮಗ್ಗ ನಿಂತಿತ್ತು. ಆದರೂ ಪಾಂಡಪ್ಪ ಮಗ್ಗದ ಕುಣಿಯಲ್ಲೇ ಕೂತು ಕಡಿದ ಎಳೆ ಹುಡುಕುತ್ತಿದ್ದ. ಒಬ್ಬಾಕೆ ಹೆತ್ತವಳು, ಇನ್ನೊಬ್ಬಾಕೆ ಕಟ್ಟಿಕೊಂಡವಳು. ನಡುವೆ ಬಾಯಿ ಹಾಕಿದರೆ ತನ್ನ ತಲೆಗೇ ಬರುತ್ತದೆಂದು ಬಲ್ಲವನು. ಇಂಥ ಗಂಡಸರಿಗೆ ಎಳೆ ಯಾವಾಗಲೂ ಕಡಿದೇ ಇರುತ್ತದೆ.

ಪಕ್ಕದ ಮನೆಯ ಮೆಹಬೂಬಿ ಹಬ್ಬದ ಉಂಡಿ ಒಯ್ಯಲು ಬಂದವಳು ಬಾಗಿಲ ಕಡೆ ನೋಡಿದಳು.

"ಇವತ್ತೂ ಕೀಲಿ ಏನವ್ವಾ? ಪಾಪ, ತವರಂದ್ರ ಜೀವಾ ಎಷ್ಟ ಹಂಬಲಸ್ತೈತೋ."

"ಹಂಬಲ ಆಕಿಗೊಬ್ಬಾಕಿಗೇ ಐತೇನು?"

ಮೆಹಬೂಬಿ ಉಂಡಿ ಕಟ್ಟಿಕೊಂಡು ಹೋದಳು.

ಬನಶಂಕರೆವ್ವ ಮಣ್ಣಿನ ನಾಗಪ್ಪನನ್ನು ಕೋಣೆಗೇ ಒಯ್ದು, ಒಳಗಿನಿಂದ ಚಿಲಕ ಹಾಕಿಕೊಂಡಳು. ಲಕ್ಷ್ಮೀದೇವಿ ಕೊಬ್ಬರಿ ಬಟ್ಟಲಿನಿಂದ ಹಾಲೆರೆದಳು. ಹಠ ಮಾಡಿ ತೊಟ್ಟ ಹಸಿರು ಬಳೆಗಳು ಸೊರಗಿದ ಕೈಯಲ್ಲಿ ಮೊಣಕೈತನಕ ಜಾರಿದವು.

"ದೇವರ ಪಾಲ. ಗುರುವಿನ ಪಾಲ. ಅವ್ವನ ಪಾಲ. ಅಣ್ಣನ ಪಾಲ."

ಆಮೇಲೆ ಬನಶಂಕರೆವ್ವನ ಮುಖ ನೋಡಿ, ಹೆದರುತ್ತಲೇ, "ಅತ್ತಿ ಪಾಲ" ಎಂದು ಒಂದಿಷ್ಟು ಹೆಚ್ಚೇ ಎರೆದಳು. ಹಾಗೆಂದು ಬನಶಂಕರೆವ್ವ ಸಡಿಲ ಬಿಡಲಿಲ್ಲ. ಉಂಡಿಯನ್ನೂ ಇಡಿಯಾಗಿ ಕೊಡಲಿಲ್ಲ. ಪುಡಿ ಮಾಡಿ ಬಟ್ಟಲಿಗೆ ಸುರಿದು, ಹೊರಗೆ ಬಂದು ಕೀಲಿ ಹಾಕಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಟಂಟಂ ಗಾಡಿ ನಿಂತಿತು. ಅಂತೂರ ಬೆಂತೂರದಿಂದ ಸುನಿಲಕುಮಾರ ಬಂದಿದ್ದ. ಪ್ರತಿ ಪಂಚಮಿಗೂ ತವರಿಗೆ ಕರೆಯಲು ಬರುತ್ತಾನೆ. ಪ್ರತಿ ಪಂಚಮಿಗೂ ಖಾಲಿ ಗಾಡಿ ತಿರುಗಿಸಿಕೊಂಡು ಹೋಗುತ್ತಾನೆ.

"ಅಣ್ಣ ಬಂದ! ಅತ್ತೀ, ನಮ್ಮಣ್ಣ ಬಂದ!" ಒಳಗಿನಿಂದ ಬಾಗಿಲು ಬಡಿಯುವ ಸದ್ದು.

"ಈ ವರ್ಷನೂ ಆಗೂದಿಲ್ಲಪಾ," ಎಂದಳು ಬನಶಂಕರೆವ್ವ, ಅವನ ಮುಖ ನೋಡದೆ.

"ಅವ್ವಗ ಆರಾಮಿಲ್ಲ. ಮಗಳ ಬಂದ್ಲೇನು ಅಂತ ಹಾದಿ ನೋಡಾಕ್ಹತ್ಯಾಳ. ಮುಂದಿನ ಪಂಚಮಿ ಆಕೀಗೆ ಐತೋ ಇಲ್ಲೋ. ಬರಿಗೈಲೆ ಹೋಗಿ ನಾ ಯಾವ ಮಾರಿ ತೋರಸ್ಲಿ?"

"ಹೋದ್ರ ಈ ಮನಿ ಯಾರ ನೋಡವ್ರು?"

ಬಡಿಯುವ ಸದ್ದು ನಿಂತಿತು. ಬಾಗಿಲ ಸಂದಿನಿಂದ ಸಣ್ಣ ದನಿ ಬಂತು.

"ಅತ್ತೀ, ಬೇಕಾದ್ರ ನೀವೂ ಬರ್ರಿ. ನಮ್ಮವ್ವ ಬ್ಯಾಡ ಅನ್ನಾಂಗಿಲ್ಲ."

ಇಷ್ಟು ವರ್ಷ ಈ ಮಾತು ಹೊರಗಿದ್ದ ಮೂವರಿಗೂ ಹೊಳೆದಿರಲಿಲ್ಲ. ಕುಣಿಯಿಂದ ಪಾಂಡಪ್ಪ ತಲೆಯೆತ್ತಿದ.

"ಪಂಚಮಿಗೆ ಅತ್ತಿ ಸೊಸಿ ಕೂಡೇ ಬೀಗರ ಮನಿಗೆ ಹೋಗೂದು ಎಲ್ಲ್ಯಾರ ಐತೇನು? ಮಂದಿ ಏನಂದಾರು?"

"ಮಂದಿ ಬಂದು ಬಾಗಲಾ ಕಾಯ್ತಾರೇನು?" ಎಂದಳು ಬನಶಂಕರೆವ್ವ.

ಅವಳ ಕೈ ಸೊಂಟದ ಕೀಲಿಕೈಗೆ ಹೋಯಿತು. ಕೋಣೆಯ ಕಡೆ ತಿರುಗಿ, ಅದೇ ಗತ್ತಿನಿಂದ ಹೇಳಿದಳು: "ಬರ್ತೀನಿ. ಆದ್ರ ಅಲ್ಲಿ ಹಠಾ ಮಾಡಬಾರದು. ನಾ ಹೊಂಡು ಅಂದಾಗ ಹೊಂಡಬೇಕು."

"ಆತ್ರಿ ಅತ್ತಿ."

ಕೀಲಿ ತೆರೆಯಿತು. ಸೆರಗಿನಲ್ಲಿ ಉಂಡಿಪುಡಿ ಗಂಟು ಹಾಕಿಕೊಂಡು, ಗೋಡೆ ಹಿಡಿದು, ಎಂಬತ್ತು ದಾಟಿದ ಲಕ್ಷ್ಮೀದೇವಿ ಹಲ್ಲಿಲ್ಲದ ಬಾಯಿ ತುಂಬ ನಗುತ್ತ ಹೊರಗೆ ಬಂದಳು.

"ಅಕ್ಕಾ, ನಿಮ್ಮತ್ತೀನ್ನ ನಾ ಹಿಡಕೋತೀನಿ," ಎಂದ ಸುನಿಲಕುಮಾರ, ಬನಶಂಕರೆವ್ವನಿಗೆ. "ನೀ ಅಟ್ಟದ ಮ್ಯಾಲಿನ ಚಪ್ಪಲಿ ತಗೊಂಬಾ."

ಡೋಣಿಯಲ್ಲಿದ್ದ ಲಕ್ಷ್ಮೀದೇವಿಯ ತವರುಮನೆ ಬಿದ್ದು, ಅಣ್ಣ ಸತ್ತು ಎಷ್ಟೋ ಕಾಲವಾಗಿತ್ತು. ನೆನಪು ಕೈಕೊಟ್ಟ ಮೇಲೆ ಅವಳಿಗೆ ಮಗನ ಗುರುತಿಲ್ಲ, ಸೊಸೆಯ ಗುರುತಿಲ್ಲ. ಎಂದೋ ತೀರಿಹೋದ ತನ್ನ ಅತ್ತೆಗೆ ಮಾತ್ರ ಹೆದರುತ್ತಿದ್ದಳು. ಹಾಗಾಗಿ ಸೊಸೆ ಬನಶಂಕರೆವ್ವ ಅತ್ತೆಯಾಗಿದ್ದಳು.

ಟಂಟಂ ಓಣಿ ದಾಟುವಾಗ ಲಕ್ಷ್ಮೀದೇವಿ ಅವಳ ಕಿವಿಗೆ ಬಾಗಿದಳು. "ಅತ್ತೀ, ನಮ್ಮವ್ವನ್ನ ಚಂದಾಗಿ ಬೀಗತಿ ಅಂತ ಮಾತಾಡಸ್ರಿ. ಇಲ್ಲಂದ್ರ ಆಕಿ ಬ್ಯಾಸರಾ ಮಾಡ್ಕೋತಾಳ."

ಮೂರು ವರ್ಷದಿಂದ ತನ್ನ ಹೆತ್ತವಳನ್ನು ಒಮ್ಮೆ "ಅವ್ವಾ" ಎಂದು ಕರೆಯಲು ಹಂಬಲಿಸಿದ್ದ ಬನಶಂಕರೆವ್ವ, ತನ್ನ ತವರು ಬರುವತನಕ "ಬೀಗತಿ, ಬೀಗತಿ" ಎಂದು ಬಾಯಿಪಾಠ ಮಾಡಿಕೊಂಡಳು.