ಮಾವನ ಪ್ಯಾಂಟಿನ ಸ್ಪಂಜು

"ಇದು ಸ್ಪಂಜಲ್ಲಮ್ಮ, ಹಲಗೆ!" ಬಚ್ಚಲಿನಿಂದ ಹೊರಬಂದವರೇ ಮಾವ ಅಂಗೈಯಗಲದ ಬಿಳಿ ತುಂಡನ್ನು ಸೊಸೆಯ ಮುಂದೆ ಹಿಡಿದರು. "ಸುರಿದ ನೀರೆಲ್ಲ ಮೇಲಿಂದ ಮೇಲೇ ಹರಿದು ಹೋಯ್ತು. ಒಂದು ಹನಿ ಒಳಗಿಳಿದಿದ್ರೆ ಕೇಳು."

ಸೊಸೆ ಪ್ರಯೋಗಾಲಯದಲ್ಲಿ ನೀರು ಹೀರುವ ಸ್ಪಂಜು ತಯಾರಿಸುತ್ತಿದ್ದಳು. ಮೂತ್ರ ತಡೆಯಲಾಗದ ಗುಟ್ಟನ್ನು ಮಾವ ಬಾಯಿಬಿಟ್ಟಿದ್ದು ಅವಳೊಬ್ಬಳ ಬಳಿ. ಅಂಗಡಿಯ ಪ್ಯಾಡು ನಡೆದರೆ ಸರಸರ ಸದ್ದು ಮಾಡುತ್ತದೆಂದು ಅವರ ತಕರಾರು. ಈ ಸಲದ ಶಾಲೆಯ ನಾಟಕದಲ್ಲಿ ಮೊಮ್ಮಗಳು ಮರ. ಮರಕ್ಕಿರುವುದು ಒಂದೇ ಮಾತು, ಅದೂ ಕಟ್ಟಕಡೆಗೆ. ಹೋದ ವರ್ಷದ ನಾಟಕದಲ್ಲಿ ಅವಳು ಬಾಯಿ ತೆರೆಯುವ ಹೊತ್ತಿಗೆ ತಾತ ಶೌಚಾಲಯ ಹುಡುಕುತ್ತಿದ್ದರು. ಆ ಸಂಕಟ ಅವರನ್ನು ಇನ್ನೂ ಬಿಟ್ಟಿರಲಿಲ್ಲ.

"ಮೊದಲನೇದು ಚೆನ್ನಾಗಿ ಕುಡೀತಲ್ಲ ಮಾವ?"

"ಕುಡೀತು, ಕುಡೀತು. ಊದಿ ದಿಂಬಾಯ್ತು. ನಾನು ಕೂತ ತಕ್ಷಣ ಲೋಳೆಯಾಗಿ ಕುಡಿದದ್ದನ್ನೆಲ್ಲ ವಾಪಸ್ ಕೊಡ್ತು. ಗುಟ್ಟೆಲ್ಲ ಪಾದದವರೆಗೆ ಇಳೀತು."

ಸೊಸೆ ನಗು ತಡೆಯಲಾರದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಅದಕ್ಕೆ ಕ್ರಾಸ್‌ಲಿಂಕರ್ ಕಡಿಮೆ ಹಾಕಿದ್ದೆ. ಎಳೆ ಎಳೆಗೂ ಗಂಟು ಹಾಕೋ ಮದ್ದು ಅದು, ನಿಮ್ಮ ಹೊಲಿಗೆ ಥರ. ಸಡಿಲ ಆದ್ರೆ ಎಷ್ಟು ಬೇಕಾದ್ರೂ ಹಿಗ್ಗುತ್ತೆ, ಭಾರ ಬಿದ್ರೆ ಬಿಚ್ಚಿಕೊಳ್ಳುತ್ತೆ. ಹೆದರಿ ಎರಡನೇದಕ್ಕೆ ಜಾಸ್ತಿ ಸುರಿದೆ. ರಂಧ್ರಗಳೆಲ್ಲ ಕಿರಿದಾಗಿ, ನೀರಿಗೆ ಜಾಗಾನೇ ಇಲ್ಲ."

ಬದುಕಿಡೀ ದರ್ಜಿಯಾಗಿದ್ದ ಮಾವ ಹುಬ್ಬೇರಿಸಿದರು. "ಒಂದು ಲೂಸು, ಒಂದು ಟೈಟು. ನಾಳೆ ಸಂಜೆ ನಾಟಕ, ಗಿರಾಕಿ ಬಾಗಿಲಲ್ಲೇ ನಿಂತಿದ್ದಾನೆ!"

"ಮಧ್ಯದ ಅಳತೆಯದ್ದು ನಾಳೆ ತರ್ತೀನಿ. ಪರೀಕ್ಷೆ ಮಾಡೋಕೆ ಹೊತ್ತಿರಲ್ಲ. ಯಾವುದಕ್ಕೂ ಕಪ್ಪು ಪ್ಯಾಂಟ್ ಹಾಕಿಕೊಳ್ಳಿ."

"ಯಾಕೆ? ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ವಾ?" ಎಂದ ಮಾವ, ತಿಳಿಬಣ್ಣದ ಪ್ಯಾಂಟಿಗೇ ಸ್ಪಂಜಿಡಲು ಒಳಜೇಬು ಹೊಲಿಯಲು ಕೂತರು.

ಮರುದಿನ ಹೊಸ ಸ್ಪಂಜು ಒಳಜೇಬು ಸೇರಿತು. ನಾಟಕ ಮಾತ್ರ ಎಳೆದದ್ದೇ ಎಳೆದದ್ದು. ರಾಜ ಮಾತು ಮರೆತ, ಪರದೆ ಸಿಕ್ಕಿಕೊಂಡಿತು. ನಡುವೆ ಮಾವನ ಮುಖ ಬಿಗಿದುಕೊಂಡಿತು, ಆಮೇಲೆ ನಿಧಾನವಾಗಿ ಸಡಿಲವಾಯಿತು. ಸೊಸೆಯ ಕಣ್ಣು ಅವರ ತಿಳಿಬಣ್ಣದ ಪ್ಯಾಂಟಿನತ್ತ ಹೋಯಿತು. ಮಾವ ಮಾತ್ರ ಕೂತಲ್ಲಿಂದ ಅಲ್ಲಾಡಲಿಲ್ಲ.

ಕೊನೆಗೂ ಮರ ಬಾಯಿ ತೆರೆಯಿತು: "ದಣಿದವರೆಲ್ಲ ನನ್ನ ನೆರಳಲ್ಲಿ ಕೂತುಕೊಳ್ಳಿ!"

ಸಭಾಂಗಣವೆಲ್ಲ ಎದ್ದು ನಿಂತು ವೇದಿಕೆಯತ್ತ ಚಪ್ಪಾಳೆ ತಟ್ಟಿತು. ಮಾವ, ಸೊಸೆ ಇಬ್ಬರೂ ಎದ್ದವರೇ ತಟಕ್ಕನೆ ಹಿಂದಕ್ಕೆ ತಿರುಗಿ ಮಾವನ ಕುರ್ಚಿ ನೋಡಿದರು. ಒದ್ದೆಯ ಸುಳಿವೂ ಇರಲಿಲ್ಲ. ವೇದಿಕೆಗೆ ಬೆನ್ನು ಹಾಕಿ ನಿಂತ ಇಬ್ಬರೂ, ಖಾಲಿ ಕುರ್ಚಿಗೆ ಜೋರಾಗಿ ಚಪ್ಪಾಳೆ ತಟ್ಟತೊಡಗಿದರು.